ಬೆರಳು ಜೋಮು ಹಿಡಿಯುತ್ತಿದೆಯಾ? ಮೊದಲು ಯಾವ ಬೆರಳು ಅಂತ ನೋಡಿಕೊಳ್ಳಿ

ನಮ್ಮ ಚಿಗವ್ವ ಬಳ್ಳಾರಿಯ ಕೌಲ್ ಬಜಾರಿನಲ್ಲಿ ಹದಿನೈದು ವರ್ಷ ಜೀನ್ಸ್ ಹೊಲಿದವಳು. ಒಂದು ಬೆಳಿಗ್ಗೆ ಅವಳ ಮನೆಗೆ ಹೋದಾಗ ರೊಟ್ಟಿ ಮಾಡುತ್ತಾ ಕೂತಿದ್ದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ಬರಿಗೈಯಲ್ಲೇ ತಿರುವಿದಳು. ನಮ್ಮ ಕಡೆ ಎಲ್ಲರೂ ಹಾಗೇ ತಿರುವುತ್ತಾರೆ. ಆದರೆ ರೊಟ್ಟಿ ತಿರುವಿದ ಮೇಲೂ ಅವಳ ತೋರುಬೆರಳು ಹಂಚಿನ ಮೇಲೇ ಇತ್ತು. ನಾನು ಚೀರಿದ ಮೇಲೆ ಕೈ ತೆಗೆದಳು. ಬೆರಳ ತುದಿಯಲ್ಲಿ ಆಗಲೇ ಬೊಬ್ಬೆ ಏಳುತ್ತಿತ್ತು. ಸುಟ್ಟಿದ್ದು ಅವಳಿಗೆ ಗೊತ್ತೇ ಆಗಿರಲಿಲ್ಲ.

“ಎಷ್ಟು ದಿನದಿಂದ ಹಿಂಗೈತೆ ಚಿಗವ್ವ?” ಅಂದೆ.

“ವರ್ಷದ ಮ್ಯಾಲಾತವ್ವ. ರಾತ್ರಿ ಜೋಮು ಹಿಡಿತೈತೆ. ಎದ್ದು ಜಾಡಿಸಿದ್ರೆ ಹೋಗ್ತೈತೆ. ನರದ ಸೂಜಿ ಮಾಡಿಸ್ಕೊಂತಿದ್ದೆ.”

ಆ ಒಂದು ವರ್ಷದಲ್ಲಿ ಅವಳಿಗೆ ಸೂಜಿ ಮಾಡಿದವರು, ಮಾತ್ರೆ ಕೊಟ್ಟವರು, ಎಣ್ಣೆ ಹೇಳಿದವರು ಸುಮಾರು ಜನ. ಯಾವ ಬೆರಳು ಅಂತ ಕೇಳಿದವರು ಮಾತ್ರ ಒಬ್ಬರೂ ಇಲ್ಲ. ಕೊನೆಗೆ ನಾವು ಕರೆದುಕೊಂಡು ಹೋದ ಡಾಕ್ಟರ್ ಕೇಳಿದ ಮೊದಲ ಪ್ರಶ್ನೆ ಇದು: “ಕಿರುಬೆರಳಿಗೂ ಹಿಡಿಯುತ್ತಾ ಅಮ್ಮ?” ಇಲ್ಲ ಅಂದಳು. ಅವರು ಅವಳ ಮಣಿಕಟ್ಟನ್ನು ಕೈಯಲ್ಲಿ ಹಿಡಿದು ನೋಡಲು ಶುರು ಮಾಡಿದರು. ಹತ್ತು ನಿಮಿಷದಲ್ಲಿ ಕಾರಣ ಸಿಕ್ಕಿತ್ತು.

ನಾನು ಡಾಕ್ಟರ್ ಅಲ್ಲ. ಚಿಗವ್ವನ ಜೊತೆ ಆಸ್ಪತ್ರೆಗೆ ಓಡಾಡುತ್ತಾ ಕೇಳಿ, ಓದಿ ತಿಳಿದುಕೊಂಡಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ರೋಗ ಯಾವುದು ಅಂತ ಹೇಳಬೇಕಾದವರು ಡಾಕ್ಟರೇ. ಆದರೆ ಅವರ ಮುಂದೆ ಕೂರುವ ಮೊದಲು ನಾವು ನೋಡಿಟ್ಟುಕೊಳ್ಳಬೇಕಾದದ್ದು ಬಹಳ ಇದೆ.

ಮೊದಲ ಹೆಜ್ಜೆ: ಇದು ಕೂಡಲೇ ಓಡಬೇಕಾದ ಜೋಮಾ?

ಮುಂದಿನದನ್ನು ಓದುವ ಮೊದಲು ಇದನ್ನು ನೋಡಿ. ಇದ್ದಕ್ಕಿದ್ದ ಹಾಗೆ ಒಂದೇ ಕಡೆಯ ಕೈ ಅಥವಾ ಕೈ ಕಾಲು ಎರಡೂ ಮರಗಟ್ಟಿದರೆ, ಬಾಯಿ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ನಡೆಯುವಾಗ ಒಂದು ಕಡೆಗೆ ವಾಲಿದರೆ ಅದು ಪಾರ್ಶ್ವವಾಯು ಇರಬಹುದು. ಜನ ಲಕ್ವ ಅನ್ನುವುದು ಇದಕ್ಕೇ. ತಕ್ಷಣ 108ಕ್ಕೆ ಫೋನ್ ಮಾಡಿ. ಮಿದುಳಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವನ್ನು ಕರಗಿಸುವ ಇಂಜೆಕ್ಷನ್ ಇದೆ. ಅದನ್ನು ಲಕ್ಷಣ ಶುರುವಾದ ನಾಲ್ಕೂವರೆ ತಾಸಿನ ಒಳಗೆ ಕೊಡಬೇಕು. ಸಿಂಧನೂರಿನ ಒಳಗಿನ ಒಂದು ಹಳ್ಳಿಯಿಂದ ರಾಯಚೂರು ಮುಟ್ಟಲು ಎಷ್ಟು ಹೊತ್ತು ಬೇಕು ಅಂತ ನಿಮಗೇ ಗೊತ್ತು. ಹಾಗಾಗಿ ಸಿ.ಟಿ. ಸ್ಕ್ಯಾನ್ ಇರುವ ಆಸ್ಪತ್ರೆಗೇ ನೇರವಾಗಿ ಹೋಗಿ. ಲಕ್ಷಣ ಶುರುವಾದಾಗ ಗಂಟೆ ಎಷ್ಟಾಗಿತ್ತು ಅಂತ ನೆನಪಿಟ್ಟುಕೊಳ್ಳಿ, ಅಲ್ಲಿ ಮೊದಲು ಕೇಳುವುದೇ ಅದನ್ನು. ಹತ್ತು ನಿಮಿಷದಲ್ಲಿ ತಾನೇ ಸರಿ ಹೋಯಿತು ಅಂತ ಮನೆಯಲ್ಲಿ ಉಳಿಯಬೇಡಿ. ದೊಡ್ಡ ಹೊಡೆತಕ್ಕೆ ಮುಂಚೆ ಹೀಗೆ ಸಣ್ಣದೊಂದು ಬಂದು ಹೋಗುವುದುಂಟು.

ಎಡಗೈ ಜೋಮಿನ ಜೊತೆ ಎದೆ ಒತ್ತಿದಂತಾಗುವುದು, ತಣ್ಣನೆ ಬೆವರು, ಉಸಿರು ಕಟ್ಟುವುದು ಇದ್ದರೆ ಹೃದಯದ ತೊಂದರೆ ಇರಬಹುದು. ಆಗಲೂ 108.

ಕೈ ಇದ್ದಕ್ಕಿದ್ದಂತೆ ತಣ್ಣಗಾಗಿ, ಬಿಳಿಚಿಕೊಂಡು, ವಿಪರೀತ ನೋಯುತ್ತಿದ್ದರೆ ಅಲ್ಲಿಗೆ ರಕ್ತ ಹರಿಯುವುದು ನಿಂತಿರಬಹುದು. ಅದಕ್ಕೂ ಕಾಯುವಂತಿಲ್ಲ.

ಇನ್ನೊಂದನ್ನು ನಮ್ಮ ಕಡೆ ಜನ ತೀರಾ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಕುಡಗೋಲು, ಗಾಜಿನ ಬಳೆ, ತಗಡು ತಾಗಿ ಬೆರಳು ಕುಯ್ದುಕೊಂಡಾಗ ಅರಿಶಿನ ಒತ್ತಿ ಬಟ್ಟೆ ಕಟ್ಟಿಬಿಡುತ್ತೇವೆ. ಗಾಯದಿಂದ ಮುಂದಿನ ಬೆರಳಿನ ಭಾಗಕ್ಕೆ ಮುಟ್ಟಿದ್ದು ಗೊತ್ತಾಗದಿದ್ದರೆ ಒಳಗಿನ ನರ ಕತ್ತರಿಸಿರಬಹುದು. ಮೇಲಿನ ಚರ್ಮ ಕೂಡಿಕೊಂಡರೂ ನರ ತಾನಾಗಿ ಕೂಡಿಕೊಳ್ಳುವುದಿಲ್ಲ. ಅದೇ ದಿನ ಸರ್ಜನ್‌ಗೆ ತೋರಿಸಿ. ತಡವಾದಷ್ಟೂ ಹೊಲಿದು ಜೋಡಿಸುವುದು ಕಷ್ಟ.

ಎರಡನೇ ಹೆಜ್ಜೆ: ಹಾಳೆಯ ಮೇಲೆ ಕೈ ಇಟ್ಟು ಗೆರೆ ಎಳೆಯಿರಿ

ಮೇಲಿನದ್ಯಾವುದೂ ಇಲ್ಲದಿದ್ದರೆ ಒಂದು ವಾರ ಸಮಯ ತೆಗೆದುಕೊಳ್ಳಬಹುದು. ಮಕ್ಕಳ ನೋಟ್‌ಬುಕ್ಕಿನ ಹಾಳೆಯ ಮೇಲೆ ಅಂಗೈ ಊರಿ ಸುತ್ತ ಪೆನ್ಸಿಲ್ ಎಳೆಯಿರಿ. ಎರಡೂ ಕೈಯದ್ದು ಬರೆಯಿರಿ. ಜೋಮು ಹಿಡಿದಾಗಲೆಲ್ಲ ಆ ಜಾಗವನ್ನು ಅದರಲ್ಲಿ ತಿದ್ದಿ. ಉಂಗುರದ ಬೆರಳಿನ ವಿಷಯದಲ್ಲಿ ಜೋಪಾನ: ಅದರ ಯಾವ ಪಕ್ಕ, ನಡುಬೆರಳ ಕಡೆಯದ್ದೋ ಕಿರುಬೆರಳ ಕಡೆಯದ್ದೋ ಅಂತ ನೋಡಿ. ಅರ್ಧ ಬೆರಳಲ್ಲೇನಿದೆ ಅನ್ನಬೇಡಿ. ಎರಡು ಬೇರೆ ಬೇರೆ ನರಗಳ ಗಡಿ ಆ ಬೆರಳಿನ ನಡುವೆಯೇ ಹಾದು ಹೋಗುತ್ತದೆ.

ಪಕ್ಕದಲ್ಲಿ ಇಷ್ಟು ಬರೆಯಿರಿ. ಎಷ್ಟು ಗಂಟೆಗೆ ಹಿಡಿಯಿತು, ಆಗ ಏನು ಮಾಡುತ್ತಿದ್ದಿರಿ, ಏನು ಮಾಡಿದರೆ ಹೋಯಿತು.

ಪದಗಳ ವಿಷಯವನ್ನೂ ಹೇಳಿಬಿಡುತ್ತೇನೆ. “ನರ ವೀಕ್ ಆಗಿದೆ” ಅಂತ ಹೇಳಿದರೆ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ನಿಮಗೆ ಅನಿಸಿದ್ದನ್ನೇ ಹೇಳಿ: ಇರುವೆ ಹರಿದ ಹಾಗೆ, ಚುಮುಚುಮು, ಉರಿ, ಬೆರಳು ದಪ್ಪಗಾದ ಹಾಗೆ, ಬಟ್ಟೆ ಸುತ್ತಿದ ಬೆರಳಿಂದ ಮುಟ್ಟಿದ ಹಾಗೆ. ಮುಟ್ಟಿದ್ದು ಗೊತ್ತಾಗದಿರುವುದು ಬೇರೆ, ಕೈಗೆ ಬಲ ಇಲ್ಲದಿರುವುದು ಬೇರೆ. ಚಹಾದ ಲೋಟ ಕೈಯಿಂದ ಜಾರುತ್ತದೆಯಾ, ರವಿಕೆಯ ಹುಕ್ಕು ಹಾಕಲು ಆಗುತ್ತಿಲ್ಲವಾ, ಬೀಗ ತಿರುವಲು ಕಷ್ಟವಾ? ಇದನ್ನೂ ಬರೆಯಿರಿ.

ಮೂರನೇ ಹೆಜ್ಜೆ: ಹಾಳೆ ಏನು ಹೇಳುತ್ತಿದೆ ನೋಡಿ

ಹೆಬ್ಬೆರಳು, ತೋರುಬೆರಳು, ನಡುಬೆರಳು, ಉಂಗುರದ ಬೆರಳಿನ ಅರ್ಧ. ಕಿರುಬೆರಳಿಗೆ ಏನೂ ಇಲ್ಲ. ನಮ್ಮ ಚಿಗವ್ವನದ್ದು ಇದೇ. ಮಣಿಕಟ್ಟಿನಲ್ಲಿ ಕೆಳಗೆ ಎಲುಬು, ಮೇಲೆ ಗಟ್ಟಿ ಪಟ್ಟಿ ಇರುವ ಇಕ್ಕಟ್ಟಾದ ಓಣಿ ಒಂದಿದೆ. ಬೆರಳು ಮಡಚುವ ಒಂಬತ್ತು ಹುರಿಗಳು ಆ ಓಣಿಯಲ್ಲಿ ಹಾದು ಹೋಗುತ್ತವೆ. ಅವುಗಳ ಜೊತೆಗೆ ಮೀಡಿಯನ್ ಅನ್ನುವ ಒಂದೇ ಒಂದು ನರ. ಹುರಿಗಳ ಸುತ್ತ ಸ್ವಲ್ಪ ಊತ ಬಂದರೂ ಮೊದಲು ನಲುಗುವುದು ನರ. ಇದಕ್ಕೆ ಕಾರ್ಪಲ್ ಟನಲ್ ಸಿಂಡ್ರೋಮ್ ಅನ್ನುತ್ತಾರೆ. ಬೆರಳು ಜೋಮು ಹಿಡಿಯುವುದಕ್ಕೆ ಬಹಳ ಸಾಮಾನ್ಯವಾದ ಕಾರಣ ಇದು. ಗಂಡಸರಿಗಿಂತ ಹೆಂಗಸರಲ್ಲಿ ಜಾಸ್ತಿ.

ಇದರ ಗುರುತು ರಾತ್ರಿ ಸಿಗುತ್ತದೆ. ನಿದ್ದೆಯಲ್ಲಿ ಮಣಿಕಟ್ಟು ಮಡಚಿಕೊಂಡಿರುತ್ತದೆ, ಓಣಿ ಇನ್ನೂ ಕಿರಿದಾಗುತ್ತದೆ. ನಡುರಾತ್ರಿ ಎಚ್ಚರವಾಗಿ ಕೈ ಜಾಡಿಸಿದರೆ ಹಾಯೆನಿಸುತ್ತದೆ. ಹಗಲಲ್ಲಿ ಮಣಿಕಟ್ಟು ಬಗ್ಗಿಸಿ ಬಲ ಹಾಕುವ ಕೆಲಸದಲ್ಲಿ ಬರುತ್ತದೆ. ಜೀನ್ಸ್ ಬಟ್ಟೆ ಎಷ್ಟು ದಪ್ಪ ಅಂತ ಹೊಲಿದವರಿಗೇ ಗೊತ್ತು. ನಾಲ್ಕು ಪದರ ಸೇರುವ ಕಡೆ ಬಟ್ಟೆಯನ್ನು ಸೂಜಿಯ ಕೆಳಗೆ ತಳ್ಳಲು ಮಣಿಕಟ್ಟೇ ಬೇಕು. ಆಮೇಲೆ ಗುಡ್ಡೆ ಹಾಕಿಕೊಂಡು ಸಣ್ಣ ಕತ್ತರಿಯಲ್ಲಿ ದಾರ ಕತ್ತರಿಸುವುದು. ಇಷ್ಟಾದ ಮೇಲೆ ಮನೆಗೆ ಬಂದು ರೊಟ್ಟಿ ಬಡಿಯಬೇಕು, ಬಟ್ಟೆ ಹಿಂಡಬೇಕು. ಕೈಗೆ ಬಿಡುವೇ ಇಲ್ಲ.

ಆದರೆ ಎಲ್ಲವನ್ನೂ ಕೆಲಸದ ಮೇಲೆ ಹಾಕಬೇಡಿ. ಥೈರಾಯ್ಡ್ ಕಡಿಮೆ ಇದ್ದರೆ, ಶುಗರ್ ಇದ್ದರೆ, ಕೀಲುವಾತ ಇದ್ದರೆ, ತೂಕ ಜಾಸ್ತಿ ಇದ್ದರೆ ಇದು ಬೇಗ ಬರುತ್ತದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಮೈಯಲ್ಲಿ ನೀರು ತುಂಬಿದಾಗಲೂ ಬರುತ್ತದೆ. ಹೆರಿಗೆಯಾದ ಮೇಲೆ ಸಾಮಾನ್ಯವಾಗಿ ತಾನೇ ಇಳಿಯುತ್ತದೆ, ಗಾಬರಿ ಬೇಡ.

ಮನೆಯಲ್ಲೇ ಒಂದು ಪರೀಕ್ಷೆ ಮಾಡಬಹುದು. ಎರಡೂ ಕೈಯನ್ನು ಕೆಳಮುಖವಾಗಿ ಮಡಚಿ, ಹಿಂಗೈಗೆ ಹಿಂಗೈ ತಾಗಿಸಿ 60 ಸೆಕೆಂಡ್ ಹಿಡಿಯಿರಿ. ಅಷ್ಟರಲ್ಲಿ ಇದೇ ಬೆರಳುಗಳಿಗೆ ಜೋಮು ಬಂದರೆ ಅನುಮಾನ ಮಣಿಕಟ್ಟಿನ ಮೇಲೆ. ಬರಲಿಲ್ಲ ಅಂದಮಾತ್ರಕ್ಕೆ ಕಾರ್ಪಲ್ ಟನಲ್ ಇಲ್ಲ ಅಂತಲ್ಲ. ಆಮೇಲೆ ಬೆಳಕಿನಲ್ಲಿ ಎರಡೂ ಅಂಗೈ ಪಕ್ಕಪಕ್ಕ ಇಟ್ಟು ಹೆಬ್ಬೆರಳ ಬುಡದ ಮಾಂಸದ ಉಬ್ಬನ್ನು ನೋಡಿ. ಒಂದು ಕಡೆ ತಗ್ಗು ಬಿದ್ದಿದ್ದರೆ ನರ ಬಹಳ ದಿನದಿಂದ ನಲುಗುತ್ತಿದೆ ಅಂತ ಅರ್ಥ. ಚಿಗವ್ವನ ಬಲಗೈಯಲ್ಲಿ ಆ ಉಬ್ಬು ಆಗಲೇ ಇಳಿದಿತ್ತು. ವರ್ಷದ ಹಿಂದೆಯೇ ಬಂದಿದ್ದರೆ ಅಂತ ಡಾಕ್ಟರ್ ಅಂದಾಗ ನನಗೆ ಆದ ಸಂಕಟ ಹೇಳಲಾರೆ. ಇದನ್ನು ಬರೆಯಲು ಕೂತಿದ್ದೇ ಆ ಮಾತಿನಿಂದ.

ಕಿರುಬೆರಳು ಮತ್ತು ಉಂಗುರದ ಬೆರಳಿನ ಅರ್ಧ ಆದರೆ ನೋಡಬೇಕಾದದ್ದು ಮೊಣಕೈ. ಮೊಣಕೈಯ ಒಳಗಡೆಯ ಎಲುಬು ಗೋಡೆಗೆ ತಾಗಿದರೆ ಕರೆಂಟ್ ಹೊಡೆದ ಹಾಗಾಗುತ್ತದಲ್ವಾ, ಆ ನರವೇ ಇದು. ಹೆಸರು ಅಲ್ನರ್. ಚರ್ಮದ ಕೆಳಗೇ ಇರುವುದರಿಂದ ಬೇಗ ಒತ್ತಿಕೊಳ್ಳುತ್ತದೆ. ಸಂಡೂರಿನ ಅದಿರು ಲಾರಿ ಓಡಿಸುವವರು ದಿನವಿಡೀ ಕಿಟಕಿಯ ಅಂಚಿಗೆ ಮೊಣಕೈ ಊರಿರುತ್ತಾರೆ. ಅಂಗಡಿ ಗಲ್ಲಾದಲ್ಲಿ ಕೂತವರು ಮೇಜಿಗೆ ಊರಿರುತ್ತಾರೆ. ಹುಡುಗರು ಮೊಣಕೈ ಮಡಚಿ ತಾಸುಗಟ್ಟಲೆ ಫೋನಿನಲ್ಲಿರುತ್ತಾರೆ. ತಲೆಯ ಕೆಳಗೆ ಕೈ ಮಡಚಿ ಮಲಗುವವರಿಗೂ ಬರುತ್ತದೆ. ಊರುವುದನ್ನು ಬಿಡಿ, ಫೋನಿಗೆ ಇಯರ್‌ಫೋನ್ ಹಾಕಿ, ರಾತ್ರಿ ಮೊಣಕೈಗೆ ಟವೆಲ್ ಸುತ್ತಿ ಮಲಗಿ, ಆಗ ಕೈ ಪೂರ್ತಿ ಮಡಚುವುದಿಲ್ಲ. ಶುರುವಿನಲ್ಲಿ ಎಷ್ಟೋ ಜನಕ್ಕೆ ಇಷ್ಟರಿಂದಲೇ ಗುಣ ಕಾಣುತ್ತದೆ. ಕಿರುಬೆರಳು ಕೊಕ್ಕೆಯಂತೆ ಬಾಗುತ್ತಿದ್ದರೆ ಮಾತ್ರ ಮನೆಮದ್ದಿನಲ್ಲಿ ಕಾಲ ಕಳೆಯಬೇಡಿ.

ಹಿಂಗೈಯಲ್ಲಿ ಹೆಬ್ಬೆರಳ ಬುಡದ ಹತ್ತಿರ ಜೋಮು, ಮಣಿಕಟ್ಟು ಮೇಲೆತ್ತಲು ಆಗದಿರುವುದು: ಇದು ತೋಳಿನಲ್ಲಿ ಹಾದು ಬರುವ ಮೂರನೇ ನರ, ರೇಡಿಯಲ್. ಕುಡಿದು ತೋಳಿನ ಮೇಲೆ ಬಿದ್ದು ಮಲಗಿದವರಲ್ಲಿ ಬೆಳಿಗ್ಗೆ ಹೀಗೆ ಕಾಣುವುದುಂಟು.

ಕುತ್ತಿಗೆಯಿಂದ ಭುಜ, ತೋಳು, ಬೆರಳು ಅಂತ ಒಂದೇ ಗೆರೆಯಲ್ಲಿ ನೋವು ಇಳಿದು ಬರುತ್ತಿದ್ದರೆ, ಕುತ್ತಿಗೆ ಹೊರಳಿಸಿದಾಗ ಹೆಚ್ಚಾದರೆ ಕಾರಣ ಕುತ್ತಿಗೆಯ ಎಲುಬಿನ ಸಂದಿನಲ್ಲಿರಬಹುದು. ಗಂಗಾವತಿಯ ರೈಸ್‌ಮಿಲ್‌ಗಳಲ್ಲಿ, ರಾಯಚೂರಿನ ಹತ್ತಿ ಮಾರ್ಕೆಟ್ಟಿನಲ್ಲಿ ಮೂಟೆ ಹೊರುವ ಹಮಾಲರು ಇದನ್ನು ನೆನಪಿನಲ್ಲಿಡಬೇಕು. ಎರಡೂ ಕೈ ಮೊಂಡಾಗಿ ಅಂಗಿಯ ಗುಂಡಿ ಹಾಕಲು ಆಗುತ್ತಿಲ್ಲ, ಕಾಲು ಬಿಗಿಯಾಗಿ ನಡಿಗೆ ತಪ್ಪುತ್ತಿದೆ, ಮೂತ್ರದ ಹತೋಟಿ ಹೋಗುತ್ತಿದೆ ಅಂದರೆ ಬೆನ್ನುಹುರಿಯೇ ಒತ್ತಿಕೊಂಡಿರಬಹುದು. ವಾರ ಕಾಯದೆ ಹೋಗಿ.

ಇದಕ್ಕೆ ಸೇರಿದ ಇನ್ನೊಂದು ವಿಷಯ ನಮ್ಮ ಸೀಮೆಯ ನೀರು. ರಾಯಚೂರು, ಕೊಪ್ಪಳದ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಇದೆ. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು. ವರ್ಷಗಟ್ಟಲೆ ಜಾಸ್ತಿ ಕುಡಿದರೆ ಹಲ್ಲು ಕಂದುವುದಷ್ಟೇ ಅಲ್ಲ, ಬೆನ್ನೆಲುಬು ದಪ್ಪವಾಗಿ ಬೆನ್ನುಹುರಿಯ ದಾರಿ ಕಿರಿದಾಗಬಹುದು. ಕುತ್ತಿಗೆ ಬೆನ್ನು ಸೆಟೆದು, ಕೈಕಾಲು ಜೋಮು ಹಿಡಿಯುವ ಹಿರಿಯರು ಅಂಥ ಊರಿನವರಾಗಿದ್ದರೆ ಅದನ್ನು ಡಾಕ್ಟರಿಗೆ ಹೇಳಿ. ನೀರನ್ನು ಕಾಯಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ಊರಿನ ಶುದ್ಧ ನೀರಿನ ಘಟಕದ ನೀರನ್ನೇ ಕುಡಿಯಲು, ಅಡುಗೆಗೆ ಬಳಸಿ.

ಎರಡೂ ಕೈ, ಜೊತೆಗೆ ಪಾದ

ಹಾಳೆಯಲ್ಲಿ ಎರಡೂ ಕೈಯ ಎಲ್ಲಾ ಬೆರಳುಗಳ ತುದಿ ತಿದ್ದಿದ್ದೀರಾ? ಹಾಗಾದರೆ ಈಗ ಪಾದ ನೋಡಿ. ಇಡೀ ಮೈಗೆ ಸಂಬಂಧಪಟ್ಟ ಕಾಯಿಲೆಗಳಲ್ಲಿ ಸಾಮಾನ್ಯವಾಗಿ ಉದ್ದನೆಯ ನರಗಳ ತುದಿಗೆ ಮೊದಲು ಪೆಟ್ಟು. ಆದ್ದರಿಂದ ಕಾಲ್ಬೆರಳಲ್ಲಿ ಶುರುವಾಗಿ ಮೇಲೇರಿ, ಆಮೇಲೆ ಕೈಬೆರಳಿಗೆ ಬರುತ್ತದೆ. ನಡೆಯುತ್ತಾ ನಡೆಯುತ್ತಾ ಚಪ್ಪಲಿ ಕಾಲಿನಿಂದ ಕಳಚಿದ್ದೇ ಗೊತ್ತಾಗಲಿಲ್ಲ ಅಂತ ಯಾರಾದರೂ ಹೇಳಿದರೆ ಅದು ನಗುವ ಮಾತಲ್ಲ.

ಮೊದಲ ಅನುಮಾನ ಶುಗರ್ ಮೇಲೆ. ಖಾಲಿ ಹೊಟ್ಟೆಯಲ್ಲಿ 126 ಅಥವಾ ಹೆಚ್ಚು, ಮೂರು ತಿಂಗಳ ಸರಾಸರಿ ತೋರಿಸುವ ಎಚ್‌ಬಿಎ1ಸಿ 6.5 ಅಥವಾ ಹೆಚ್ಚು ಬಂದರೆ ಡಯಾಬಿಟಿಸ್ ಅನ್ನುತ್ತಾರೆ. ಲಕ್ಷಣ ಬೇರೇನೂ ಇಲ್ಲದಿದ್ದರೆ ಇನ್ನೊಮ್ಮೆ ಪರೀಕ್ಷೆ ಮಾಡಿ ಖಚಿತ ಮಾಡಿಕೊಳ್ಳುತ್ತಾರೆ.

ಎರಡನೆಯದು ವಿಟಮಿನ್ ಬಿ12 ಕೊರತೆ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಬಿ12 ಗಿಡದಿಂದ ಬರುವ ಆಹಾರದಲ್ಲಿಲ್ಲ. ಜೋಳ, ಸಜ್ಜೆ, ಬೇಳೆ, ಸೊಪ್ಪು ಎಷ್ಟು ತಿಂದರೂ ಸಿಗದು. ಮಾಂಸ, ಮೀನು, ಮೊಟ್ಟೆ, ಹಾಲು, ಮೊಸರಿನಲ್ಲಿದೆ. ಮೊಟ್ಟೆಯನ್ನೂ ಮುಟ್ಟದ ಮನೆಗಳು ನಮ್ಮಲ್ಲಿ ಸಾಕಷ್ಟಿವೆ. ಅಂಥವರಿಗೆ ಹಾಲು ಮೊಸರೇ ಗತಿ. ಎಷ್ಟೋ ಮನೆಗಳಲ್ಲಿ ಕರೆದ ಹಾಲೆಲ್ಲ ಡೈರಿಗೆ ಹೋಗುತ್ತದೆ, ಉಳಿದ ಒಂದು ಲೋಟದಲ್ಲಿ ಮಕ್ಕಳಿಗೆ, ಗಂಡಸರಿಗೆ ಹಾಕಿ ಅವ್ವ ಬರಿ ಮಜ್ಜಿಗೆ ನೀರು ಕುಡಿಯುತ್ತಾಳೆ. ಕೊರತೆ ಕಾಣಿಸಿಕೊಳ್ಳುವುದೂ ಅವಳಲ್ಲೇ. ಶುಗರಿಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಝೋಲ್‌ನಂಥ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರಲ್ಲೂ ಬಿ12 ಇಳಿಯುತ್ತದೆ. ನಾಲಿಗೆ ಉರಿ, ಸುಸ್ತು, ಮರೆವು, ಕತ್ತಲಲ್ಲಿ ನಡೆಯುವಾಗ ತೂರಾಡುವುದು ಇದರ ಬೇರೆ ಗುರುತುಗಳು. ಬೇಗ ಹಿಡಿದರೆ ನರ ಚೇತರಿಸಿಕೊಳ್ಳುತ್ತದೆ. ತೀರಾ ತಡವಾದರೆ ಪೂರ್ತಿ ಹಿಂದಕ್ಕೆ ಬರುವುದಿಲ್ಲ.

ಇಲ್ಲಿ ಒಂದು ಕಿವಿಮಾತು. ಬಿ12 ರಕ್ತಪರೀಕ್ಷೆಯನ್ನು ನರದ ಸೂಜಿ ಹಾಕಿಸಿಕೊಳ್ಳುವ *ಮೊದಲು* ಮಾಡಿಸಿ. ಅಂಥ ಸೂಜಿಯಲ್ಲಿ ಹೆಚ್ಚಾಗಿ ಇರುವುದೇ ಬಿ12. ಸೂಜಿ ಆದ ಮೇಲೆ ರಕ್ತ ಕೊಟ್ಟರೆ ರಿಪೋರ್ಟ್ ಚೆನ್ನಾಗಿಯೇ ಬರುತ್ತದೆ, ನಿಜವಾದ ಕೊರತೆ ಮುಚ್ಚಿಹೋಗುತ್ತದೆ. ಚಿಗವ್ವನ ವಿಷಯದಲ್ಲಿ ಹಾಗೇ ಆಗಿ ಆ ಲೆಕ್ಕ ನಮಗೆ ಸಿಗಲೇ ಇಲ್ಲ. ನರದ ಮಾತ್ರೆಯನ್ನು ನೀವೇ ಮೆಡಿಕಲ್ ಶಾಪಿನಿಂದ ತಂದು ತಿಂಗಳುಗಟ್ಟಲೆ ನುಂಗುವುದೂ ಬೇಡ. ಅದರಲ್ಲಿರುವ ಬಿ6 ಅತಿಯಾದರೆ ಅದೇ ನರಕ್ಕೆ ಪೆಟ್ಟು ಕೊಟ್ಟು ಜೋಮು ತರುತ್ತದೆ.

ಟಿಬಿಗೆ ಕೊಡುವ ಐಸೋನಿಯಝಿಡ್ ಮಾತ್ರೆಯಿಂದಲೂ ಕೈಕಾಲು ಜೋಮು ಹಿಡಿಯಬಹುದು. ಹಾಗಂತ ಟಿಬಿ ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಆರೋಗ್ಯ ಕೇಂದ್ರದಲ್ಲಿ ಹೇಳಿದರೆ ಬೇಕಾದ ಪ್ರಮಾಣದ ಬಿ6 ಕೊಡುತ್ತಾರೆ. ದಿನಾ ಕುಡಿಯುವವರಲ್ಲಿ ಸಾರಾಯಿಯೇ ನರವನ್ನು ತಿನ್ನುತ್ತದೆ.

ಚರ್ಮ ನೋಡುವುದನ್ನು ಮರೆಯಬೇಡಿ

ಇದನ್ನು ನಾಚಿಕೆ ಬಿಟ್ಟು ಓದಿ. ಬೆರಳ ಜೋಮಿಗೆ ಕುಷ್ಠರೋಗವೂ ಕಾರಣವಾಗಬಹುದು. ಮೈಮೇಲೆ ಎಲ್ಲಾದರೂ ತಿಳಿಬಣ್ಣದ ಅಥವಾ ಕೆಂಪು ಮಚ್ಚೆ ಇದೆಯಾ, ಅಲ್ಲಿ ಮುಟ್ಟಿದ್ದು ಗೊತ್ತಾಗುತ್ತದೆಯಾ ನೋಡಿ. ಕಣ್ಣು ಮುಚ್ಚಿ ಕೂತುಕೊಳ್ಳಿ. ಮನೆಯವರು ಒಂದು ಎಳೆ ಹತ್ತಿಯಿಂದ ಒಮ್ಮೆ ಮಚ್ಚೆಯ ಮೇಲೆ, ಒಮ್ಮೆ ಪಕ್ಕದ ಚರ್ಮದ ಮೇಲೆ ಸವರಲಿ. ಸವರಿದ ಜಾಗಕ್ಕೆ ನೀವು ಬೆರಳು ತೋರಿಸಬೇಕು. ಸೂಜಿ ಚುಚ್ಚಬೇಡಿ, ಹತ್ತಿ ಸಾಕು. ಮಚ್ಚೆಯ ಮೇಲೆ ಸವರಿದ್ದು ಗೊತ್ತಾಗದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ. ಈ ರೋಗ ಮೊಣಕೈಯ ಅದೇ ಅಲ್ನರ್ ನರವನ್ನು ಹುರಿಯಂತೆ ದಪ್ಪ ಮಾಡುತ್ತದೆ. ಆದ್ದರಿಂದ ಕಿರುಬೆರಳು ಮರಗಟ್ಟಿದವರು ಚರ್ಮವನ್ನು ನೋಡಿಕೊಳ್ಳಲೇಬೇಕು. ಕೆಲವರಲ್ಲಿ ಮಚ್ಚೆ ಕಾಣದೆ ನರಕ್ಕೆ ಮಾತ್ರ ಬರುವುದೂ ಇದೆ.

ಇದು ಪಾಪದ ಫಲವಲ್ಲ, ಶಾಪವಲ್ಲ. ಒಂದು ಬ್ಯಾಕ್ಟೀರಿಯಾ. 1873ರಲ್ಲೇ ನಾರ್ವೆಯ ಹ್ಯಾನ್ಸನ್ ಅದನ್ನು ಕಂಡುಹಿಡಿದರು. ಬಹಳ ನಿಧಾನವಾಗಿ ಬೆಳೆಯುವುದರಿಂದ ಲಕ್ಷಣ ಕಾಣಲು ಸರಾಸರಿ ಐದು ವರ್ಷ, ಕೆಲವರಿಗೆ ಇಪ್ಪತ್ತು ವರ್ಷವೂ ಹಿಡಿಯಬಹುದು. ಸರ್ಕಾರಿ ಆಸ್ಪತ್ರೆಯಲ್ಲಿ ಮಾತ್ರೆ ಪುಕ್ಕಟೆ. ರೋಗದ ಬಗೆ ನೋಡಿ 6 ತಿಂಗಳು ಅಥವಾ 12 ತಿಂಗಳು ತೆಗೆದುಕೊಂಡರೆ ಗುಣವಾಗುತ್ತದೆ. ಔಷಧಿ ಶುರುವಾದ ಮೇಲೆ ಬೇರೆಯವರಿಗೆ ಹರಡುವುದೂ ನಿಂತುಹೋಗುತ್ತದೆ. ಯಾರನ್ನೂ ಮನೆಯಿಂದ ಆಚೆ ಇಡಬೇಕಾಗಿಲ್ಲ. ಆಶಾ ಕಾರ್ಯಕರ್ತೆ ಮನೆಗೆ ಬಂದು ಮೈಮೇಲೆ ಮಚ್ಚೆ ಇದೆಯಾ ಅಂತ ಕೇಳಿದಾಗ ಸುಮ್ನೆ “ಇಲ್ಲ” ಅಂತ ಕಳಿಸಿಬಿಡಬೇಡಿ, ದಯವಿಟ್ಟು.

ಹೊಲ, ಗಣಿ, ಗಾಬರಿ

ಹತ್ತಿಗೆ, ಮೆಣಸಿನಕಾಯಿಗೆ ಔಷಧಿ ಹೊಡೆದು ಬಂದ ಸಂಜೆ ಮುಖ, ಕೈ ಚುಮುಚುಮು ಅನ್ನುತ್ತಿದ್ದರೆ ಸೈಪರ್‌ಮೆಥ್ರಿನ್‌ನಂಥ ಔಷಧಿ ಚರ್ಮಕ್ಕೆ ತಾಗಿರಬಹುದು. ಬಟ್ಟೆ ಬಿಚ್ಚಿ, ಸೋಪು ಹಚ್ಚಿ ಚೆನ್ನಾಗಿ ತೊಳೆಯಿರಿ. ಸಾಮಾನ್ಯವಾಗಿ ಒಂದು ದಿನದಲ್ಲಿ ಇಳಿಯುತ್ತದೆ. ವಾಂತಿ, ಜೊಲ್ಲು, ವಿಪರೀತ ಬೆವರು, ಕಣ್ಣು ಮಂಜಾಗುವುದು ಶುರುವಾದರೆ 108. ಔಷಧಿಯ ಬಾಟಲಿಯನ್ನು ಜೊತೆಗೇ ಒಯ್ಯಿರಿ, ಯಾವ ಔಷಧಿ ಅಂತ ಗೊತ್ತಾದರೆ ಚಿಕಿತ್ಸೆ ಬೇಗ ಶುರುವಾಗುತ್ತದೆ.

ಗಣಿಯಲ್ಲಿ, ಕಲ್ಲು ಕ್ವಾರಿಯಲ್ಲಿ ಡ್ರಿಲ್ಲಿಂಗ್ ಮಷಿನ್ ಹಿಡಿಯುವವರ ಬೆರಳಿನ ನರ, ರಕ್ತನಾಳ ಎರಡೂ ಆ ಅದುರುವಿಕೆಯಿಂದ ಹಾಳಾಗುತ್ತವೆ. ತಣ್ಣೀರು ಮುಟ್ಟಿದಾಗ ಬೆರಳು ಸುಣ್ಣದಂತೆ ಬಿಳಿಯಾಗಿ, ಮತ್ತೆ ನೀಲಿ, ಕೆಂಪು ಆಗುತ್ತಿದ್ದರೆ ಡಾಕ್ಟರಿಗೆ ತೋರಿಸಿ. ಬೀಡಿ ಸಿಗರೇಟು ಅದನ್ನು ಇನ್ನೂ ಕೆಡಿಸುತ್ತದೆ.

ಗಾಬರಿಯಾಗಿ ಜೋರಾಗಿ ಉಸಿರಾಡಿದಾಗ ಎರಡೂ ಕೈಬೆರಳು, ತುಟಿಯ ಸುತ್ತ ಚುಮುಚುಮು ಅನ್ನುವುದುಂಟು. ಉಸಿರು ನಿಧಾನವಾದರೆ ಹೋಗುತ್ತದೆ. ಗಾಬರಿಯೇ ಇಲ್ಲದೆ ಹೀಗಾಗಿ ಬೆರಳು ಸೆಟೆದುಕೊಳ್ಳುತ್ತಿದ್ದರೆ ಕ್ಯಾಲ್ಸಿಯಂ ನೋಡಿಸಿ.

ನಾಲ್ಕನೇ ಹೆಜ್ಜೆ: ಎಲ್ಲಿಗೆ ಹೋಗುವುದು, ಏನು ಕೇಳುವುದು

ಮೊದಲು ಎಂ.ಬಿ.ಬಿ.ಎಸ್. ಡಾಕ್ಟರ್ ಸಾಕು, ಅದು ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗುತ್ತದೆ. ಹಾಳೆ ಕೊಡಿ, ನುಂಗುತ್ತಿರುವ ಎಲ್ಲ ಮಾತ್ರೆಯ ಪಟ್ಟಿಯನ್ನೂ ಒಯ್ಯಿರಿ. ರಕ್ತಪರೀಕ್ಷೆಯಲ್ಲಿ ಶುಗರ್, ಥೈರಾಯ್ಡ್ ನೋಡುವ ಟಿ.ಎಸ್.ಎಚ್., ಬಿ12, ಹಿಮೋಗ್ಲೋಬಿನ್ ಸೇರಿದಂತೆ ರಕ್ತಕಣಗಳ ಲೆಕ್ಕ, ಕಿಡ್ನಿಯದ್ದು ಬೇಕಾ ಅಂತ ಕೇಳಿ. ನರ ಎಲ್ಲಿ ಒತ್ತಿಕೊಂಡಿದೆ, ಎಷ್ಟು ಅಂತ ಅಳೆಯುವುದು ನರ್ವ್ ಕಂಡಕ್ಷನ್ ಪರೀಕ್ಷೆ. ಸಣ್ಣ ಸಣ್ಣ ಕರೆಂಟ್ ಕೊಟ್ಟು ನೋಡುತ್ತಾರೆ, ಚುರುಕ್ ಅನ್ನುತ್ತದೆ ಅಷ್ಟೆ. ದೊಡ್ಡ ಡಾಕ್ಟರ್ ಬೇಕಾದರೆ ನರರೋಗ ಅಥವಾ ಮೂಳೆ ವಿಭಾಗ. ಬಳ್ಳಾರಿಯಲ್ಲಿ ಜನ ವಿಮ್ಸ್ ಅಂತಲೇ ಕರೆಯುವ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ, ರಾಯಚೂರಿನ ರಿಮ್ಸ್, ಕೊಪ್ಪಳದ ಕಿಮ್ಸ್ ಇವೆ. ಬೆಳಿಗ್ಗೆ ಬೇಗ ಹೋಗಿ ಚೀಟಿ ಮಾಡಿಸಿ. ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ.

ಸ್ಕ್ಯಾನ್ ಮಾಡಿಸಲೇಬೇಕು ಅಂತ ನೀವೇ ಹಠ ಮಾಡಬೇಡಿ. ಕುತ್ತಿಗೆಯ ಎಂ.ಆರ್.ಐ. ಎಲ್ಲರಿಗೂ ಬೇಕಾಗಿಲ್ಲ. ವಯಸ್ಸಾದ ಯಾರ ಕುತ್ತಿಗೆಯ ಸ್ಕ್ಯಾನ್ ತೆಗೆದರೂ ಅದರಲ್ಲಿ ಸವೆತ ಕಾಣುತ್ತದೆ, ಜೋಮಿಗೆ ಅದೇ ಕಾರಣ ಆಗಿರಬೇಕೆಂದಿಲ್ಲ.

ಮಣಿಕಟ್ಟಿನ ತೊಂದರೆ ಅಂತಾದರೆ ಮೊದಲ ಚಿಕಿತ್ಸೆ ಅಗ್ಗದ್ದು. ಮಣಿಕಟ್ಟು ನೇರವಾಗಿ ನಿಲ್ಲಿಸುವ ಪಟ್ಟಿ, ಅಂಗಡಿಯಲ್ಲಿ ರಿಸ್ಟ್ ಸ್ಪ್ಲಿಂಟ್ ಅಂತ ಕೇಳಿ. ರಾತ್ರಿ ಕಟ್ಟಿಕೊಂಡು ಮಲಗಬೇಕು, ಕಡಿಮೆ ಅಂದರೂ ಆರು ವಾರ. ಬರಿ ಎಲಾಸ್ಟಿಕ್ ಸುತ್ತುವುದು ಅಲ್ಲ, ಒಳಗೆ ಗಟ್ಟಿ ಪಟ್ಟಿ ಇರುವುದು. ಬಿಗಿಯಾಗಿ ಕಟ್ಟಬೇಡಿ. ಇದರಲ್ಲಿ ಇಳಿಯದಿದ್ದರೆ ಮಣಿಕಟ್ಟಿಗೆ ಸ್ಟಿರಾಯ್ಡ್ ಇಂಜೆಕ್ಷನ್, ಅದಕ್ಕೂ ಬಗ್ಗದಿದ್ದರೆ ಅಥವಾ ಮಾಂಸ ಕರಗುತ್ತಿದ್ದರೆ ಆಪರೇಷನ್. ಓಣಿಯ ಮೇಲಿನ ಪಟ್ಟಿ ಬಿಡಿಸುತ್ತಾರೆ, ಕೈಗಷ್ಟೇ ಅರಿವಳಿಕೆ. ಚಿಗವ್ವ ಅದೇ ದಿನ ಮನೆಗೆ ಬಂದಳು. ಆ ವಾರವೇ ರಾತ್ರಿಯ ಜೋಮು ಹೋಯಿತು. ಬೆರಳ ತುದಿಯ ಅರಿವು ಬರಲು ತಿಂಗಳುಗಳು ಬೇಕಾದವು. ಹೆಬ್ಬೆರಳ ಬುಡದ ತಗ್ಗು ಇನ್ನೂ ತುಂಬಿಲ್ಲ.

ಅಲ್ಲಿಯವರೆಗೆ ಕೈಯನ್ನು ಕಾಪಾಡಿಕೊಳ್ಳಿ

ಬರೆ ಹಾಕಿಸಬೇಡಿ. ನಮ್ಮ ಹಳ್ಳಿಗಳಲ್ಲಿ ಇನ್ನೂ ಕೆಲವರು ಹಾಕಿಸುತ್ತಾರೆ. ಅರಿವಿಲ್ಲದ ಜಾಗಕ್ಕೆ ಬರೆ ಎಷ್ಟು ಆಳ ಹೋಯಿತು ಅಂತ ಯಾರಿಗೂ ತಿಳಿಯುವುದಿಲ್ಲ. ಬಿಸಿನೀರಿನ ಶಾಖವೂ ಬೇಡ. ನೀರಿನ ಬಿಸಿ ನೋಡಲು ಜೋಮಿರುವ ಕೈ ಅದ್ದಬೇಡಿ, ಮೊಣಕೈ ಅದ್ದಿ ಇಲ್ಲವೇ ಬೇರೆಯವರಿಗೆ ಹೇಳಿ.

ಹೊಲಿಯುವವರು ಅರ್ಧ ತಾಸಿಗೊಮ್ಮೆ ಎರಡು ನಿಮಿಷ ಕೈ ಇಳಿಬಿಡಿ. ಪೀಸ್ ಲೆಕ್ಕದಲ್ಲಿ ಕೆಲಸ ಮಾಡುವವರಿಗೆ ಎರಡು ನಿಮಿಷವೂ ದುಡ್ಡು, ನನಗೆ ಗೊತ್ತು. ಆದರೂ ಬಿಡಿ. ಸ್ಟೂಲಿನ ಎತ್ತರ ಸರಿಮಾಡಿಕೊಂಡರೆ ಮಣಿಕಟ್ಟು ಬಾಗುವುದು ಕಡಿಮೆಯಾಗುತ್ತದೆ. ಕತ್ತರಿ ಮೊಂಡಾದರೆ ಸಾಣೆ ಹಿಡಿಸಿ, ಮೊಂಡು ಕತ್ತರಿಗೆ ಎರಡರಷ್ಟು ಬಲ ಬೇಕು.

ರೊಟ್ಟಿಯನ್ನು ಇಕ್ಕಳದಲ್ಲಿ ತಿರುವಿ. ಮಲಗುವ ಮೊದಲು ಬೆಳಕಿನಲ್ಲಿ ಹತ್ತೂ ಬೆರಳು ನೋಡಿ. ಸುಟ್ಟಿದ್ದು, ಕುಯ್ದದ್ದು ನಿಮಗೆ ಗೊತ್ತಾಗದೆ ಇರಬಹುದು. ಬೊಬ್ಬೆ ಎದ್ದಿದ್ದರೆ ಒಡೆಯಬೇಡಿ, ತೊಳೆದು ಶುದ್ಧ ಬಟ್ಟೆ ಕಟ್ಟಿ. ಶುಗರ್ ಇರುವವರು ಎಷ್ಟೇ ಸಣ್ಣ ಗಾಯವಾದರೂ ಮರುದಿನ ಬೆಳಿಗ್ಗೆಯೇ ತೋರಿಸಿ.